ಅಮ್ಮ ಹೊಗಳಿದ ದಿನ

ಫಾಲ್ಮತ್ ಪೇಟೆಯ ಮಗ್ಗುಲು, ಜಮೈಕಾ
ಮಾರ್ಚ್ 14, 1836

ಪ್ರೀತಿಯ ತಮ್ಮ ಕ್ವಾಮಿನಾ,

ಸುತ್ತಿಗೆ ಬಿದ್ದ ಹೆಬ್ಬೆರಳು ವಾಸಿಯಾಯಿತೆ? ನಿನ್ನನ್ನು ಬಾಡಿಗೆಗೆ ಕೊಟ್ಟ ಆ ತೋಟದಲ್ಲಿ ಹೊಟ್ಟೆಗೆ ಸರಿಯಾಗಿ ಹಾಕುತ್ತಾರೆಯೆ? ಪೀಪಾಯಿ ಕಟ್ಟುವವನಿಗೆ ಹೆಬ್ಬೆರಳೇ ಬಂಡವಾಳ, ಜೋಪಾನ. ನಾವು ಉಸಿರಾಡಿಕೊಂಡಿದ್ದೇವೆ. ಅಮ್ಮ ಮಾತ್ರ ಒಂದು ವಾರದಿಂದ ಯಾರೊಡನೆಯೂ ಮಾತಾಡುತ್ತಿಲ್ಲ.

ಗುಲಾಮಗಿರಿ ಹೋಯಿತೆಂದು ಸಾರಿ ಒಂದೂವರೆ ವರ್ಷವಾಯಿತಷ್ಟೆ. ಹೋದದ್ದು ಹೆಸರು. ಈಗ ನಾವು 'ಕೆಲಸ ಕಲಿಯುವವರು'. ಮೂವತ್ತು ವರ್ಷ ಕಬ್ಬು ಕಡಿದ ನಾನು ಇನ್ನೂ ನಾಲ್ಕು ವರ್ಷ ಅದನ್ನೇ ಕಲಿಯಬೇಕಂತೆ, ಕೂಲಿಯಿಲ್ಲದೆ! ನಮ್ಮನ್ನು ಬಿಟ್ಟುಕೊಟ್ಟ ನಷ್ಟಕ್ಕೆಂದು ನಮ್ಮ ತೋಟದ ದೊರೆಗೆ ಲಂಡನ್ನಿನಿಂದ ಹಣ ಬಂದಾಗಿದೆ. ಬಿಟ್ಟೂ ಇಲ್ಲ, ನಷ್ಟವೂ ಇಲ್ಲ. ಇಂಥ ವ್ಯಾಪಾರ ನನಗೆ ಸಂತೆಯಲ್ಲಿ ಒಮ್ಮೆ ಗಿಟ್ಟಿದ್ದರೆ ಸಾಕಿತ್ತು.

ಉಳಿದ ವರ್ಷಗಳನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದೆಂದು ಅದೇ ಕಾನೂನು ಹೇಳುತ್ತದಲ್ಲ, ಗೆಣಸು ಮೆಣಸಿನಕಾಯಿ ಮಾರಿ ಮೂವತ್ತೆರಡು ಪೌಂಡು ಕೂಡಿಸಿಟ್ಟಿದ್ದೆ. ನನಗೆ ಬೆಲೆ ಕಟ್ಟಲು ಮೂವರು ನ್ಯಾಯಾಧಿಕಾರಿಗಳು ಕುಳಿತರು. ಇಬ್ಬರು ಕಬ್ಬಿನ ತೋಟದ ಒಡೆಯರೇ. ನಾನು ಕುಂಟುತ್ತ, ಕೆಮ್ಮುತ್ತ ಹೋಗಿ ನಿಂತೆ. ಮಾತು ಮೂವತ್ತಕ್ಕೆ ಬಂದಿತ್ತು. ಅಷ್ಟರಲ್ಲಿ ಒಬ್ಬ, ಬಾಗಿಲಲ್ಲಿದ್ದ ಅಮ್ಮನನ್ನು ಕರೆದು, "ಏನಜ್ಜಿ, ನಿನ್ ಮಗಳು ಶುದ್ಧ ದಂಡಪಿಂಡ ಅಂತೆ, ಹೌದಾ?" ಎಂದ.

"ಯಾವನು ದೊರೆ ಹಂಗಂದೋನು? ನಾನು ಹೆತ್ತಿದ್ದು ದಂಡಪಿಂಡನಾ? ಇಬ್ರು ಗಂಡಸ್ರು ಹೊರೋ ಕಬ್ಬು ಒಬ್ಳೇ ಹೊರ್ತಾಳೆ ನನ್ ಮಿಂಬಾ. ಒಂದಿನ ಆಸ್ಪತ್ರೆ ಮಂಚ ಮುಟ್ಟಿದೋಳಲ್ಲ!"

ಐವತ್ತೆಂಟು ಪೌಂಡು.

ಅವಳನ್ನು ಹೇಗೆ ಬೈಯಲಿ? ಗುಲಾಮಗಿರಿಯ ಕಾಲದಲ್ಲಿ ಕೆಲಸಕ್ಕೆ ಬಾರದವರನ್ನು ಮೊದಲು ಮಾರುತ್ತಿದ್ದರು. ನಮ್ಮಿಬ್ಬರನ್ನೂ ಹೊಗಳಿ ಹೊಗಳಿಯೇ ಉಳಿಸಿಕೊಂಡವಳು ಅವಳು. ಆ ನಾಲಿಗೆಯನ್ನೇ ನನ್ನ ಕೊರಳಿಗೆ ಹಗ್ಗ ಮಾಡಿದರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುವುದು. ಆ ಮೂವರೂ ನಗುತ್ತಲೇ ಸಹಿ ಹಾಕಿದರು.

ದೇವರು ನಿನ್ನನ್ನು ನೋಡಿಕೊಳ್ಳಲಿ. ಅವರನ್ನೂ ನೋಡಿಕೊಳ್ಳಲಿ, ಬೇರೆ ರೀತಿಯಲ್ಲಿ.

ನಿನ್ನ ಅಕ್ಕ,
ಮಿಂಬಾ

ಕಾಗದ ಒಯ್ಯುವ ಗಾಡಿಯವನು ಕೂಗುತ್ತಿದ್ದಾನೆ, ಇಷ್ಟು ಬರೆದುಬಿಡುತ್ತೇನೆ. ನನ್ನ ಮೂವತ್ತೆರಡು ಪೌಂಡನ್ನು ನಿನ್ನದಕ್ಕೆ ಸೇರಿಸಿಕೋ, ಒಬ್ಬರಾದರೂ ಹೊರಬೀಳೋಣ. ಮುಂದಿನ ತಿಂಗಳು ನಿನಗೆ ಬೆಲೆ ಕಟ್ಟುವಾಗ ಸಾಕ್ಷಿಗೆ ಅಮ್ಮನೇ ಬರುತ್ತಾಳೆ. ನಮ್ಮೊಡನೆ ಮಾತು ಬಿಟ್ಟವಳು ಗೋಡೆಗೆ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದಾಳೆ: "ನನ್ ಮಗ ಕುಡುಕ. ಕಳ್ಳ. ಅವನು ಕಟ್ಟಿದ್ ಪೀಪಾಯಿ ಸೋರ್ತದೆ." ಪೀಪಾಯಿಯ ಹತ್ತಿರ ಬಂದಾಗ ತಡವರಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಾಳೆ. ಅವಳು ಹೇಳಿ ಮುಗಿಸುವ ತನಕ ಅವಳ ಕಡೆ ತಿರುಗಬೇಡ, ಕ್ವಾಮಿನಾ. ನಿನ್ನ ಮುಖ ಕಂಡರೆ ನಿಜ ಹೇಳಿಬಿಡುತ್ತಾಳೆ.