ಕತ್ತರಿಸದ ಫೈಲ್

ಫೆಬ್ರವರಿ 20, ಗುರುವಾರ

ಬಸ್ರೂರಿನ ಉಪನಯನದ ಡಿವಿಡಿ ಬರ್ನ್ ಆಯಿತು. ಎರಡು ಡಿಸ್ಕ್. ಒಂದರಲ್ಲೇ ತುರುಕಿ ಕೊಡಿ ಅಂದಿದ್ದರು, ಒಪ್ಪಲಿಲ್ಲ. ಮೂರು ಗಂಟೆಯ ವಿಡಿಯೊವನ್ನು ಒಂದು ಡಿವಿಡಿಗೆ ಹಿಂಡಿದರೆ ಮುಖಗಳು ಚೌಕ ಚೌಕ ಒಡೆಯುತ್ತವೆ. ವಟುವಿನ ಅಜ್ಜಿಗೆ ಪೆನ್‌ಡ್ರೈವ್ ಅಂದರೆ ಆಗದು. ಟಿವಿ ಕೆಳಗಿನ ಪ್ಲೇಯರಿನಲ್ಲೇ ನೋಡಬೇಕಂತೆ.

ತಮ್ಮ ರೂಪೇಶ ಶೂಟ್ ಮಾಡಿದ ಕೊನೆಯ ಕೆಲಸ. "ಸ್ವಲ್ಪ ಬದಿಗ್ ನಿಲ್ಲಿ ಕಾಂಬ" ಅಂತ ಯಾರಿಗೋ ಹೇಳಿದ್ದು ಆಡಿಯೊದಲ್ಲಿ ಉಳಿದಿತ್ತು. ತೆಗೆಯಬೇಕಿತ್ತು... ಬಿಟ್ಟೆ.

ತಮ್ಮ ಹೋಗಿ ಎರಡು ವಾರ. ನಿನ್ನೆ ಉತ್ತರಕ್ರಿಯೆಯ ಬೊಜ್ಜದ ಊಟವೂ ಮುಗಿಯಿತು. ಬ್ರಹ್ಮಾವರದಿಂದ ಪ್ರಖ್ಯಾತ್ ಬಂದು ಸ್ಟುಡಿಯೊ ಬಾಗಿಲು ತೆಗೆಯುತ್ತಾನೆ. ರೂಪೇಶನ ಹೈಸ್ಕೂಲ್ ಗೆಳೆಯ, ಸ್ಟುಡಿಯೊದಲ್ಲಿ ಪಾಲುದಾರ. ಬೊಜ್ಜದ ದಿನ ಬಡಿಸಿದ್ದು, ಎಲೆ ತೆಗೆದದ್ದು ಎಲ್ಲ ಅವನೇ. ಅಮ್ಮನಿಗೆ ಬಿಪಿ ಮಾತ್ರೆ ತಂದುಕೊಡುವವನೂ ಅವನೇ. ಮಗ ಅನ್ನುತ್ತಾಳೆ ಅಮ್ಮ.

ಫೆಬ್ರವರಿ 22, ಶನಿವಾರ

ಎಎಸ್‌ಐ ಚೆನ್ನಯ್ಯ ತಮ್ಮನ ಅಪಘಾತದ ವಿಚಾರಕ್ಕೆ ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಟೆಂಪೊ ಅಂದೇಳಿ ಗೊತ್ತಾತ್ತ್, ನಂಬರ್ ಕಾಂತಿಲ್ಲೆ. ವಾಟ್ಸಾಪಂಗೆ ಬಂದ ಸಿಸಿಟಿವಿ ತುಂಡ್ ಅದ್, ಎಲ್ಲ ಮಸ್ಕ್. ಒಳ್ಳೆ ಕಾಪಿ ಸಿಕ್ರೆ ಡಿವಿಡಿ ಮಾಡಿ ಕೊಡಿ. ಫೈಲಿಗೆ ಹಾಕ್ಕ್."

ಅವತ್ತು ಪೂರ್ತಿ ಬೆಳಕಾಗಿರಲಿಲ್ಲ. ಕೊಲ್ಲೂರಿನಲ್ಲಿ ಮದುವೆ ಶೂಟ್. ಸಾಮಾನು ತುಂಬಿದ ಸ್ಟುಡಿಯೊ ಕಾರು ಪ್ರಖ್ಯಾತನ ಹತ್ತಿರ, ಅವನು ಬ್ರಹ್ಮಾವರದಿಂದ ನೇರ ಹೋಗುವುದಿತ್ತು. ರೂಪೇಶನ ಬೈಕ್ ಗ್ಯಾರೇಜಿನಲ್ಲಿತ್ತು. ಪಕ್ಕದ ಮನೆ ಬಚ್ಚಣ್ಣನ ಸ್ಕೂಟರ್ ಕೇಳಿ ತೆಗೆದುಕೊಂಡು ಹೊರಟ. ತೆಕ್ಕಟ್ಟೆ ಹೈವೇಗೆ ಹತ್ತಿದ್ದಷ್ಟೇ. ಟೆಂಪೊ ಹಿಂದಿನಿಂದ ಹೊಡೆದು, ನಿಲ್ಲಿಸದೆ ಹೋಯಿತು. ಹಾಲು ಹಾಕಲು ಬಂದವರು ನೋಡುವಾಗ ಜೀವ ಇರಲಿಲ್ಲ. ಸ್ವಲ್ಪ ಮೊದಲು ತಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು. ಆ ಮಾತನ್ನು ಅಮ್ಮನಿಗೆ ಹೇಳಿಲ್ಲ.

ಫೆಬ್ರವರಿ 23, ಭಾನುವಾರ

ಹಾರ್ಡ್‌ವೇರ್ ಅಂಗಡಿಯ ತಿಮ್ಮಣ್ಣನ ಮನೆಗೆ ಹೋದೆ. ಅವರ ಅಂಗಡಿಯ ಸಿಸಿಟಿವಿ ಕ್ಯಾಮೆರಾದಲ್ಲೇ ಅಪಘಾತ ಸಿಕ್ಕಿದ್ದು. ಮಷಿನಿನಲ್ಲಿ ಹಳತರ ಮೇಲೆ ಹೊಸತು ಕೂರುತ್ತದೆ, ಹಾಗಾಗಿ ಅವತ್ತೇ ಮಗಳ ಕೈಯಲ್ಲಿ ಪೂರ್ತಿ ಪೆನ್‌ಡ್ರೈವಿಗೆ ಹಾಕಿಸಿದ್ದರಂತೆ.

"ನಾನ್ ಕಾಣ್ಲಿಲ್ಲೆ ರಮಿತ. ಕಾಂಬುಕೆ ಧೈರ್ಯ ಬರ್ಲಿಲ್ಲೆ." ಇಷ್ಟೇ ಹೇಳಿ ಕೈಯಲ್ಲಿಟ್ಟರು.

ಫೆಬ್ರವರಿ 24, ಸೋಮವಾರ

ಹೊಡೆಯುವವರೆಗೆ ಮಾತ್ರ ನೋಡಿದೆ. ಅಲ್ಲಿಗೆ ನಿಲ್ಲಿಸಿ ಹೊರಗೆ ಹೋಗಿ ಬಂದೆ. ಮತ್ತೆ ನೋಡಿದೆ. ಕೆಲಸ ಅಂದುಕೊಂಡು ನೋಡಬೇಕು... ಬೇರೆ ದಾರಿಯಿಲ್ಲ.

ಮೂಲ ಫೈಲಿನಲ್ಲಿ ನಂಬರ್ ಇದೆ. ಅಂಗಡಿಯ ಬೋರ್ಡ್ ಲೈಟ್ ಬಿದ್ದ ಒಂದೇ ಒಂದು ಫ್ರೇಮ್‌ನಲ್ಲಿ, ಆದರೂ ಓದಬಹುದು. ಮಾಮೂಲಿ ಡಿವಿಡಿ ಫಾರ್ಮ್ಯಾಟಿಗೆ ಮಾಡಿದೆ, ನಂಬರ್ ಹೋಯಿತು. ಎಂಟೋ ಮೂರೋ ತಿಳಿಯದು. ಡಿವಿಡಿ ವಿಡಿಯೊ ಅಂದರೆ ಚಿತ್ರವೇ ಸಣ್ಣದು, ಬಿಟ್‌ರೇಟ್ ಎಷ್ಟು ಏರಿಸಿದರೂ ಅಷ್ಟೇ. ಎಂಪಿ4 ಮಾಡಿದೆ. ಪರವಾಗಿಲ್ಲ, ಆದರೆ ಅಂಚು ಕರಗುತ್ತದೆ. ಮೂಲವನ್ನು ಇದ್ದ ಹಾಗೇ ಡೇಟಾ ಡಿಸ್ಕಾಗಿ ಬರೆಯುವುದೇ ಸರಿ.

ಪ್ರಖ್ಯಾತನಿಗೆ ಅದು ಬೇಡ.

"ಸ್ಟೇಷನಂಗೆ ಹಳೆ ಕಂಪ್ಯೂಟರ್ ರಮಿತಕ್ಕ, ಆ ಫೈಲ್ ಓಪನ್ನೇ ಆತಿಲ್ಲೆ. ಹೊಡ್ದಷ್ಟೇ ಕಟ್ ಮಾಡಿ ಡಿವಿಡಿ ಫಾರ್ಮ್ಯಾಟಂಗೆ ಕೊಡ್ವ."

"ಅದ್ರಂಗೆ ನಂಬರೇ ಕಾಂತಿಲ್ಲೆ ಅಲ್ದಾ?"

"ನಂಬರ್ ಬೇರೆ ಫೋಟೊ ತೆಗ್ದ್ ಕೊಟ್ರಾತ್ತ್."

ವಕೀಲ ಪ್ರೇಮಾನಂದರಿಗೆ ಫೋನ್ ಮಾಡಿದೆ. ಕತ್ತರಿಸಬೇಡಿ, ಫಾರ್ಮ್ಯಾಟ್ ಬದಲಿಸಬೇಡಿ, ಮುಟ್ಟಿದ್ದೀರಿ ಅಂತಾದರೆ ಟೆಂಪೊದವರ ವಕೀಲ ಅದನ್ನೇ ಹಿಡಿದುಕೊಳ್ಳುತ್ತಾನೆ ಅಂದರು. ಸರಿ. ಆ ಫೈಲ್ ಆಡಿಸುವ ಸಾಫ್ಟ್‌ವೇರನ್ನೂ ಅದೇ ಡಿಸ್ಕಿಗೆ ಹಾಕಿದರಾಯಿತು. ಇದನ್ನು ಪ್ರಖ್ಯಾತನಿಗೆ ಹೇಳಿದೆ. ತಲೆನೋವು ಅಂತ ಬೇಗ ಹೋದ.

ಫೆಬ್ರವರಿ 25, ಮಂಗಳವಾರ

ಕಡಿಮೆ ಸ್ಪೀಡಿನಲ್ಲಿ ಬರ್ನ್ ಮಾಡಿದೆ. ಕೋರ್ಟಿಗೆ ಹೋಗುವ ಡಿಸ್ಕ್, ಕೊನೆವರೆಗೆ ಆಡಿಸಿ ನೋಡಲೇಬೇಕು. ನೋಡಿದೆ.

ಟೆಂಪೊ ಹೋದ ಮೇಲೆ ರಸ್ತೆ ಖಾಲಿ. ತಮ್ಮ ಮಗ್ಗುಲಾಗಿ ಬಿದ್ದಿದ್ದಾನೆ, ಹೆಲ್ಮೆಟ್ ತಲೆಯಲ್ಲೇ. ಸ್ವಲ್ಪ ಹೊತ್ತಿಗೆ ಒಂದು ಬಿಳಿ ಕಾರು ಬಂದು ನಿಲ್ಲುತ್ತದೆ. ಒಬ್ಬ ಇಳಿಯುತ್ತಾನೆ. ಹತ್ತಿರ ಹೋಗಿ ಬಗ್ಗಿ ನೋಡುತ್ತಾನೆ. ಫೋನ್ ಕಿವಿಗಿಡುತ್ತಾನೆ. ತಿರುಗಿ ಬಂದು ಕಾರು ಹತ್ತುತ್ತಾನೆ.

ಕಾರಿನ ಹಿಂದಿನ ಗ್ಲಾಸಿನಲ್ಲಿ ನಮ್ಮ ಸ್ಟುಡಿಯೊದ ಸ್ಟಿಕ್ಕರ್. ಅಂಟಿಸಿದ್ದು ನಾನೇ.

ಕಾರು ಹೋದ ಮೇಲೆ ತಮ್ಮನ ಕೈ ಏಳುತ್ತದೆ. ಒಮ್ಮೆ. ಮತ್ತೊಮ್ಮೆ ಅರ್ಧ.

ಮಾರ್ಚ್ 1, ಶನಿವಾರ

ನಾಲ್ಕು ದಿನ ಬರೆಯಲಿಲ್ಲ. ಸ್ಟುಡಿಯೊಗೆ ಹೋಗಲಿಲ್ಲ. ಜ್ವರ ಅಂದೆ.

ಇವತ್ತು ಪ್ರಖ್ಯಾತನನ್ನು ಸ್ಟುಡಿಯೊಗೆ ಕರೆದು ಕುಳ್ಳಿರಿಸಿ ಆಡಿಸಿದೆ. ಕಾರು ಬಂದು ನಿಂತಾಗಲೇ ಮುಖ ಮುಚ್ಚಿಕೊಂಡ. ನಾನು ನಿಲ್ಲಿಸಲಿಲ್ಲ. ಕೈ ಎದ್ದದ್ದನ್ನು ಬೆರಳ ಸಂದಿಯಿಂದ ನೋಡಿದ.

"ಅವ ಅಂದೇಳಿ ಗೊತ್ತಿಲ್ಲೆ ರಮಿತಕ್ಕ," ಅಂದ. "ಹೆಲ್ಮೆಟ್ ಇತ್ತ್. ಸ್ಕೂಟರ್ ಬೇರೆ. ಯಾರೋ ಕುಡ್ದ್ ಬಿದ್ದದ್ದ್ ಅಂದ್ಕಂಡೆ. ಮದಿ ಮನಿಯವ್ರ್ ಫೋನ್ ಮೇಲ್ ಫೋನ್ ಮಾಡ್ತಾ ಇದ್ರ್. ಮುಹೂರ್ತ ತಪ್ಪತ್ತ್ ಅಂದೇಳಿ ಹೋದೆ."

"ಬೇರೆ ಯಾರೋ ಆದ್ರೆ ಬಿಟ್ಟ್ ಹೋಪ್ದಾ?"

ಕುರ್ಚಿ ತಿರುಗಿಸಿ ಸ್ಕ್ರೀನಿಗೆ ಬೆನ್ನು ಮಾಡಿದ. ಆಮೇಲೆ ಅಂದ: "ಕೊಲ್ಲೂರಂಗೆ ನಿಂತ್ಕಂಡ್ ಅವಂಗೇ ಫೋನ್ ಮಾಡ್ತಾ ಇದ್ದೆ. ಎತ್ತಲಿಲ್ಲೆ. ಎಲ್ ಸತ್ತೆ ಮರಾಯ ಅಂದೇಳಿ ಮೆಸೇಜ್ ಹಾಕ್ದೆ."

ಆ ಮೆಸೇಜ್ ನಾನು ನೋಡಿದ್ದೆ. ತಮ್ಮನ ಫೋನ್ ನನ್ನ ಹತ್ತಿರವೇ ಇದೆ. ಗೆಳೆಯರ ಮಾತು ಅಂತ ದಾಟಿಸಿದ್ದೆ.

"ಅವ ಕೈ ಎತ್ತಿದ್ದ್ ನಂಗೆ ಗೊತ್ತಿಲ್ಲೆ. ಈಗ್ಲೇ ಕಂಡದ್ದ್." ಅಳುತ್ತಿದ್ದ. "ನಂಬರ್ ಬಪ್ಪಷ್ಟೇ ಕೊಡಿ. ಟೆಂಪೊ ಸಿಕ್ರೆ ಸಾಕಲ್ದಾ? ಅಮ್ಮ ಕಂಡ್ರೆ ನಾನ್ ಹ್ಯಾಂಗ್ ಮುಖ ತೋರ್ಸೂದ್?"

ಕ್ವಾಲಿಟಿ ಕೆಡದ ಹಾಗೆ ಮೊದಲ ತುಂಡು ಮಾತ್ರ ತೆಗೆಯಬಹುದು. ಅವನಿಗೂ ಗೊತ್ತು, ನನಗೂ ಗೊತ್ತು. ನಂಬರ್ ಉಳಿಯುತ್ತದೆ. ಕಾರು ಇರುವುದಿಲ್ಲ. ಕೈಯೂ ಇರುವುದಿಲ್ಲ.

ಕೊಡುವುದಿಲ್ಲ ಅಂದೆ. ಅವನ ಮೇಲಿನ ಸಿಟ್ಟಿಗೋ, ವಕೀಲರು ಹೇಳಿದ್ದಕ್ಕೋ... ತಿಳಿಯದು. ಆ ಕೈಯನ್ನು ಕತ್ತರಿಸಿ ಎಸೆಯಲು ನನ್ನಿಂದ ಆಗುವುದಿಲ್ಲ, ಅಷ್ಟೇ.

ಮಾರ್ಚ್ 3, ಸೋಮವಾರ

ಎರಡು ಡಿಸ್ಕ್ ಕೊಟ್ಟೆ. ಪೂರ್ತಿ ಫೈಲ್. ಸ್ಟೇಷನ್ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು. ಚೆನ್ನಯ್ಯ ನಂಬರ್ ಬರೆದುಕೊಂಡು ಮುಂದೆ ಬಿಟ್ಟರು. ಕಾರು ಬಂತು.

"ಇದ್ ನಿಮ್ಮ್ ಕಾರ್ ಅಲ್ದಾ?"

ಹೌದು ಅಂದೆ.

ಮಾರ್ಚ್ 12, ಬುಧವಾರ

ಟೆಂಪೊ ಹಾಲಾಡಿ ಹತ್ತಿರ ಒಂದು ಶೆಡ್ಡಿನಲ್ಲಿ ಸಿಕ್ಕಿತು. ಮುಂದಿನ ಭಾಗಕ್ಕೆ ಹೊಸ ಪೇಂಟ್. ಡ್ರೈವರ್ ಒಪ್ಪಿಕೊಂಡನಂತೆ. ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ.

ಪ್ರಖ್ಯಾತ್ ಸಾಕ್ಷಿ ಹೇಳಿಕೆ ಕೊಟ್ಟು ಬಂದ. ತಪ್ಪಿಸಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದನಂತೆ. ಕೋರ್ಟಿನಲ್ಲಿ ಮತ್ತೆ ಹೇಳಬೇಕು. ಸ್ಟುಡಿಯೊ ಕೀ ಕೌಂಟರ್ ಮೇಲಿಟ್ಟು ಹೋಗಿದ್ದಾನೆ. ಅಮ್ಮ ದಿನಾ ಕೇಳುತ್ತಾಳೆ, ಅವ ಎಂತಕ್ ಬಪ್ದಿಲ್ಲ ಅಂತ.

ಮಾರ್ಚ್ 16, ಭಾನುವಾರ, ಸಂಜೆ

ಅಮ್ಮ ಅಕ್ಕಿ ಆರಿಸುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು:

"ಆ ಡಿವಿಡಿಯಂಗೆ ಎಲ್ಲ ಕಾಂತತ್ತಾ?"

"ಕಾಂತತ್ತ್."

"ಅವ ಒಬ್ನೇ ಇದ್ನಾ ಕಡಿಗೆ? ಯಾರೂ ಹತ್ರ ಬರ್ಲಿಲ್ಯಾ?"

ಸುಳ್ಳು ಹೇಳಬಹುದಿತ್ತು. "ಒಬ್ಬ ಬಂದಿದ್ದ," ಅಂದೆ.

ಅಮ್ಮನ ಕೈ ನಿಂತಿತು. ಕಣ್ಣು ತುಂಬಿಕೊಂಡಿತು. ಇಷ್ಟು ದಿನಗಳಲ್ಲಿ ಮೊದಲ ಸಲ ಮುಖ ಸ್ವಲ್ಪ ಸಡಿಲವಾದದ್ದು ಕಂಡೆ.

"ಯಾರೋ ಪುಣ್ಯಾತ್ಮ. ದೇವ್ರ್ ಅವಂಗ್ ಒಳ್ಳೇದ್ ಮಾಡ್ಲಿ. ಯಾರ್ ಅಂದೇಳಿ ಗೊತ್ತಾಯ್ತಾ? ಒಂದ್ಸಲ ಮನಿಗ್ ಕರಿ ಮಗ, ನಾನ್ ಕಾಣ್ಕ್."

ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೋರ್ಟಿನಲ್ಲಿ ಗೊತ್ತಾಗುವುದಕ್ಕಿಂತ ಈಗಲೇ ನನ್ನಿಂದಲೇ ಗೊತ್ತಾಗಲಿ. ಅಡುಗೆಮನೆಯಿಂದ ಕರೆಯುತ್ತಿದ್ದಾಳೆ, ಚಾ ಆಯಿತಂತೆ. ಹೋಗಿ ಹೀಗೆ ಶುರು ಮಾಡುತ್ತೇನೆ: ಅಮ್ಮ, ಆ ಬಂದವ —