ಮೂರನೇ ಸಾಲಿನಿಂದ ಬಂದ ಏಟು

ತೀರ್ಥರೂಪು ಅಪ್ಪನವರಿಗೆ, ಊದಿದ ಹಣೆಯ ಯೋಹೆಯ್ ಮಾಡುವ ನಮಸ್ಕಾರಗಳು.

"ನೂರು ಕಿಲೋನೂ ತೂಗದ ನೀನೆಂಥ ಕುಸ್ತಿಪಟುವೋ? ನಿನ್ನಾಟ ನೋಡೋಕೆ ಸತ್ರೂ ಬರಲ್ಲ" ಎಂದು ತಾವು ನಮ್ಮ ಮೀನಿನಂಗಡಿಯಲ್ಲಿ ಶಪಥ ಮಾಡಿದ್ದಿರಿ. ಆದ್ದರಿಂದ ನಿನ್ನೆ ಸೆಂಡೈ ನಗರದ ನನ್ನ ಪಂದ್ಯದಲ್ಲಿ ಟೋಪಿ, ಮಾಸ್ಕ್ ಧರಿಸಿ ಮೂರನೇ ಸಾಲಿನಲ್ಲಿ ಕೂತಿದ್ದವರು ತಾವಲ್ಲವೆಂದೇ ನಂಬಲು ಯತ್ನಿಸಿದೆ.

ನನ್ನ ಹೆಸರು ಕೂಗಿದೊಡನೆ ಅಭಿಮಾನಿಗಳು ವಾಡಿಕೆಯಂತೆ ಬಣ್ಣದ ಕಾಗದದ ಸುರುಳಿಗಳನ್ನು ರಿಂಗಿನೊಳಕ್ಕೆ ಎಸೆದರು. ನಡುವಿನ ಗಟ್ಟಿ ರಟ್ಟನ್ನು ಎಲ್ಲರೂ ಮೊದಲೇ ತೆಗೆದಿರುತ್ತಾರೆ. ತೆಗೆಯದ ಒಂದೇ ಒಂದು ಸುರುಳಿ ನೇರ ನನ್ನ ಹಣೆಗೆ ಬಡಿಯಿತು.

"ಅಯ್ಯೋ, ರಟ್ಟು ತೆಗೆದು ಎಸೀಬೇಕ್ರೀ ಯಜಮಾನ್ರೇ!" ಎಂದು ಮೂರನೇ ಸಾಲಿನ ಹೆಂಗಸೊಬ್ಬರು ಪಕ್ಕದವರನ್ನು ಗದರಿದರು.

ಟೋಪಿಯವರು ಇಡೀ ಸಭಾಂಗಣಕ್ಕೆ ಕೇಳುವಂತೆ ಗುಡುಗಿದರು: "ಸುಮ್ನಿರಮ್ಮ, ಅವನು ನನ್ನ ಮಗ. ತಡ್ಕೋತಾನೆ!"

ಆಮೇಲೆ ಎದುರಾಳಿ ನನ್ನನ್ನು ಹಲವು ಸಲ ಎತ್ತಿ ಒಗೆದನಂತೆ. ಆ ಮಾತೇ ಕಿವಿಯಲ್ಲಿ ಮೊಳಗುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಗೆದ್ದದ್ದೂ ರೆಫರಿ ಕೈ ಎತ್ತಿ ಹಿಡಿದಾಗಲೇ ತಿಳಿದದ್ದು.

ಏಪ್ರಿಲ್‌ನಲ್ಲಿ ಟೋಕಿಯೊದಲ್ಲಿ ನೂರು ಕಿಲೋ ತೂಗದವರಿಗೇ ಮೀಸಲಾದ ಜೂನಿಯರ್ ಹೆವಿವೇಟ್ ಚಾಂಪಿಯನ್ ಬೆಲ್ಟಿಗಾಗಿ ಸೆಣಸುತ್ತೇನೆ. ಮೊದಲ ಸಾಲಿನ ಟಿಕೆಟ್ ಲಗತ್ತಿಸಿದ್ದೇನೆ. ಅಂದು ಮೀನು ಮಾರುಕಟ್ಟೆಗೆ ರಜೆ, ವಿಚಾರಿಸಿಕೊಂಡೇ ಬರೆಯುತ್ತಿದ್ದೇನೆ. ಈ ಸಲ ದಯಮಾಡಿ ಮುಖ ತೋರಿಸಿ ಕೂರಬೇಕು.

ಇಂತಿ, ತಾವೇ ಸಾರಿದಂತೆ, ತಮ್ಮ ಮಗ,
ಯೋಹೆಯ್