ಎಡಮಂಡಿಯ ಮೇಲಿನ ಬಾಣ

ಲೇ ಗೊರಕೆರಾಣಿ,

ಎದ್ದ ಕೂಡಲೇ ನಿನ್ನ ಎಡಮಂಡಿ ನೋಡಿ ಕಿರುಚಬೇಡ. ಆ ನೀಲಿ ಬಾಣ ಬರೆದದ್ದು ನಾನೇ, ನಿದ್ದೆಯಲ್ಲಿ. ಆಪರೇಷನ್‌ಗೆ ಮೊದಲು ಕೊಯ್ಯಬೇಕಾದ ಕಾಲಿಗೆ ನಾವು ಹಾಗೆ ಗುರುತು ಹಾಕುತ್ತೇವೆ. ಎಲುಬಿನ ವಾರ್ಡಿನ ಡ್ಯೂಟಿ ಮುಗಿಸಿ ಬಂದು ನಾನು ಮಲಗಿದರೂ ಕೈ ಮಲಗುವುದಿಲ್ಲ. ಮೊನ್ನೆಯದನ್ನು ನೀನು ಏಳುವ ಮೊದಲೇ ಸ್ಪಿರಿಟ್ ಹಚ್ಚಿ ಒರೆಸಿದ್ದೆ. ಇವತ್ತು ಮತ್ತೆ ಅದೇ ಕಾಲು, ಅದೇ ಜಾಗ.

ಹಾಲು ಕಾಯಿಸಿದ್ದೇನೆ. ಮಾರ್ಕರ್ ನಿನ್ನ ದಿಂಬಿನ ಕೆಳಗಿದೆ. ಎಲ್ಲಾದರೂ ಬಚ್ಚಿಡು, ನನಗೆ ಹೇಳಬೇಡ. ರಾತ್ರಿ ಚಿಲಕ ಹಾಕಿಕೊಂಡು ಮಲಗು. "ಒಂದ್ನಿಮಿಷ ಕಣೇ, ನೋವಾಗಲ್ಲ" ಎಂದು ನಾನೇ ಕರೆದರೂ ಬಾಗಿಲು ತೆಗೆಯಬೇಡ.

ವಾರದಿಂದ "ಅಕ್ಕಾ, ಮಂಡಿ ನೋಯ್ತಿದೆ" ಅಂತಿದ್ದೀಯ. "ಕಾಲೇಜಿಗೆ ಚಕ್ಕರ್ ಹೊಡೆಯೋಕೆ ನಾಟಕ" ಅಂತ ಬೈದೆನೇ ಹೊರತು ಯಾವ ಮಂಡಿ ಎಂದು ಕೇಳಲಿಲ್ಲ, ನೀನೂ ಹೇಳಲಿಲ್ಲ. ಎಡಗಡೆಯದೇ ಆಗಿದ್ದರೆ ಮಧ್ಯಾಹ್ನ ಆಸ್ಪತ್ರೆಗೆ ಬಾ, ಎಕ್ಸ್‌ರೇ ತೆಗೆಸೋಣ. ಬಾಣ ಒರೆಸಬೇಡ.